ಎಣ್ಣೆ ಬಾವಿ, ಅನಿಲ ಬಾವಿ ಮತ್ತು ನೆರೆಯೂರವರ ಆರೋಗ್ಯ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಅನಗವಾಡಿಯಲ್ಲಿ ಜರುಗಿದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಬೆಳ್ಳಿಹಬ್ಬದ ಸಭೆಯಲ್ಲಿ ಆರೋಗ್ಯದ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಆಡಳಿತ ಮಂಡಳಿಯವರು ನಮಗೆ ಅಪ್ಪಣೆ ಮಾಡಿದರು. ಬಿ.ಪಿ., ಶುಗರ್ ಬಗ್ಗೆ ಹೇಳಿ ಮುಗಿಸುತ್ತಾರೆಂದು ಅವರು ಎಣಿಸಿದ್ದಿರಬೇಕು. ನಾವು ಆರಿಸಿಕೊಂಡ ವಿಷಯ ಕೇಳಿ ಕಾರ್ಯದರ್ಶಿಗಳು ನಕ್ಕುಬಿಟ್ಟರು. "ಸರ್, ನಮ್ಮೂರಾಗ ಎಣ್ಣಿ ಅಂದ್ರ ಕುಸುಬಿ ಎಣ್ಣಿ, ಶೇಂಗಾ ಎಣ್ಣಿ. ನೆಲದಾಗಿನ ಎಣ್ಣಿ ಬಾವಿ ಇಲ್ಲಿ ಎಲ್ಲಿ ಐತ್ರಿ?" ಅಂದರು. ಅವರ ಮಾತು ಖರೆ. ಅನಗವಾಡಿಯಲ್ಲಾಗಲಿ, ಬೀಳಗಿ ತಾಲೂಕಿನಲ್ಲಾಗಲಿ, ಇಡೀ ಬಾಗಲಕೋಟೆ ಜಿಲ್ಲೆಯಲ್ಲಾಗಲಿ ಇಂದಿಗೆ ಒಂದು ಎಣ್ಣೆ ಬಾವಿಯೂ ಇಲ್ಲ, ಅನಿಲ ಬಾವಿಯೂ ಇಲ್ಲ. ಇಲ್ಲದಿರುವಾಗಲೇ ಈ ಮಾತು ಆಡಬೇಕೆಂಬುದು ನಮ್ಮ ಇಚ್ಛೆ. ಯಾಕೆ ಎಂಬುದನ್ನು ಹೇಳಲಿಕ್ಕೇ ಇಲ್ಲಿ ನಿಂತಿದ್ದೇವೆ.

ಮೊದಲು ನಮ್ಮ ಕಾಲ ಕೆಳಗಿನ ನೆಲ ನೋಡೋಣ. ಇಲ್ಲಿಂದ ಹೆಚ್ಚು ದೂರವಿಲ್ಲದ ಕಲಾದಗಿ ನಮಗೆಲ್ಲ ದಾಳಿಂಬೆ, ಚಿಕ್ಕು ಹಣ್ಣಿನಿಂದ ಗೊತ್ತು. ಭೂಗರ್ಭ ಶಾಸ್ತ್ರದವರಿಗೆ ಅದೇ ಊರು ಕಲ್ಲಿನಿಂದ ಗೊತ್ತು. ನೂರು ಕೋಟಿ ವರ್ಷಕ್ಕೂ ಹಳೆಯದಾದ, ನೀರಿನ ತಳದಲ್ಲಿ ಪದರ ಪದರವಾಗಿ ಕೂತು ಗಟ್ಟಿಯಾದ ಈ ಕಲ್ಲಿನ ಸೀಮೆಗೆ ಅವರು ಕಲಾದಗಿ ಜಲಾನಯನ ಎಂದು ಹೆಸರಿಟ್ಟಿದ್ದಾರೆ. ಎಣ್ಣೆ, ಅನಿಲ ಸಿಗುವುದು ಇಂಥ ಪದರಗಲ್ಲಿನಲ್ಲೇ. ಹೀಗಾಗಿ ಭಾರತ ಸರಕಾರ ಎಣ್ಣೆ ಹುಡುಕಲು ಗುರುತಿಸಿರುವ 26 ಜಲಾನಯನಗಳ ಪಟ್ಟಿಯಲ್ಲಿ 'ಭೀಮಾ-ಕಲಾದಗಿ' ಎಂಬ ಹೆಸರೂ ಇದೆ. ಗಾಬರಿ ಬೇಡ. ಅದು ಇರುವುದು ಕೊನೆಯ ದರ್ಜೆಯಲ್ಲಿ, ಅಂದರೆ ಇದ್ದರೂ ಇರಬಹುದು ಎನ್ನುವ ದರ್ಜೆಯಲ್ಲಿ. ನಾಳೆಯೇ ಯಾರೋ ಬಂದು ಕೊರೆಯುತ್ತಾರೆಂದು ನಾವು ಹೇಳುತ್ತಿಲ್ಲ. ಪಟ್ಟಿಯಲ್ಲಿ ಹೆಸರಿದೆ, ಅಷ್ಟೇ.

ಇನ್ನೊಂದು ಕಾರಣ ನಮ್ಮ ಜನ. ಬಾಗಲಕೋಟೆ, ವಿಜಾಪುರ ಕಡೆಯಿಂದ ಮಳೆ ತಪ್ಪಿದ ವರ್ಷ ಮಂಗಳೂರು, ಗೋವಾಕ್ಕೆ ದುಡಿಯಲು ಹೋದವರು ಎಷ್ಟು ಮಂದಿಯೋ! ದೊಡ್ಡ ದೊಡ್ಡ ಸ್ಥಾವರಗಳ ಗೋಡೆಯ ಪಕ್ಕದಲ್ಲೇ ತಗಡಿನ ಶೆಡ್ಡು ಹಾಕಿಕೊಂಡು ಇರುವವರು ಅವರೇ. ಮೂರನೆಯ ಕಾರಣ ನಮ್ಮ ಕಬ್ಬಿನ ಸೀಮೆಯದೇ. ಅದನ್ನು ಆಮೇಲೆ ಹೇಳುತ್ತೇವೆ.

ಎಣ್ಣೆ ಬಾವಿ ಅಂದರೆ ಏನು? ನಮ್ಮ ಬೋರ್ ಐನೂರು, ಆರುನೂರು ಫೂಟು ಹೋದರೆ ಜೀವ ಝಲ್ ಅನ್ನುತ್ತದೆ. ಎಣ್ಣೆ ಬಾವಿ ಎರಡು, ಮೂರು, ನಾಲ್ಕು ಕಿಲೋಮೀಟರ್ ಆಳ. ಅಷ್ಟು ಆಳದಲ್ಲಿ ಅನಿಲ ಭಾರಿ ಒತ್ತಡದಲ್ಲಿರುತ್ತದೆ. ಕೊರೆಯುವಾಗ ಮಂದವಾದ ಕೆಸರನ್ನು ರಂಧ್ರದಲ್ಲಿ ತುಂಬಿ, ಆ ಕೆಸರಿನ ತೂಕದಿಂದ ಅನಿಲವನ್ನು ಅದುಮಿ ಹಿಡಿದಿರುತ್ತಾರೆ. ಬಾಯಿಗೆ ದೊಡ್ಡ ಕವಾಟ ಕೂಡಿಸಿರುತ್ತಾರೆ. ಬದಿಗೆ ಉಕ್ಕಿನ ಕೊಳವೆ ಇಳಿಸಿ ಸಿಮೆಂಟು ಸುರಿಯುತ್ತಾರೆ. ನಾವು ಕುಡಿಯುವ ನೀರಿನ ಪದರಕ್ಕೂ ಕೆಳಗಿನ ಎಣ್ಣೆಗೂ ನಡುವೆ ಇರುವ ಕಾವಲು ಆ ಕೊಳವೆ, ಆ ಸಿಮೆಂಟು. ಅದು ಬಿರಿದರೆ ಕೆಳಗಿನದು ಮೇಲಿನದಕ್ಕೆ ಕೂಡುತ್ತದೆ. ಎಣ್ಣೆಯ ಜೊತೆ ಆಳದಿಂದ ಉಪ್ಪುಉಪ್ಪಾದ ನೀರೂ ಬರುತ್ತದೆ. ಅದನ್ನು ಹೊಂಡದಲ್ಲಿ ನಿಲ್ಲಿಸಿ ಸರಿಯಾಗಿ ವಿಲೇವಾರಿ ಮಾಡದಿದ್ದರೆ ಹೊಲ ಸವಳಾಗುತ್ತದೆ. ಸವಳು ಭೂಮಿ ಅಂದರೇನೆಂದು ಘಟಪ್ರಭಾ ದಂಡೆಯವರಾದ ನಿಮಗೆ ನಾವು ಹೇಳಬೇಕಾಗಿಲ್ಲ.

ಹಗಲೂ ರಾತ್ರಿ ಉರಿಯುವ ಅನಿಲದ ದೀವಟಿಗೆ, ಡೀಸೆಲ್ ಎಂಜಿನ್ನಿನ ಹೊಗೆ, ಟ್ಯಾಂಕರ್ ಲಾರಿಗಳ ಧೂಳು, ನಿದ್ದೆಗೆಡಿಸುವ ಸದ್ದು, ಇವು ದಿನನಿತ್ಯದ ಕಾಟ. ಕಣ್ಣಿಗೆ ಕಾಣದ ಕಾಟ ಬೆಂಜೀನ್ ಎಂಬ ಆವಿಯದು. ಅದು ರಕ್ತದ ಕ್ಯಾನ್ಸರಿಗೆ ಕಾರಣವಾಗುವುದೆಂದು ಜಗತ್ತಿನ ವೈದ್ಯಶಾಸ್ತ್ರ ಒಪ್ಪಿದೆ. ಇಷ್ಟಿದ್ದರೆ ಅಪಾಯವಿಲ್ಲ ಎಂಬ ಮಟ್ಟ ಅದಕ್ಕಿಲ್ಲ. ಅಮೆರಿಕದಲ್ಲಿ ಇಂಥ ಬಾವಿಗಳ ಸಮೀಪ ವಾಸಿಸುವ ಗರ್ಭಿಣಿಯರನ್ನು, ಮಕ್ಕಳನ್ನು ಕುರಿತು ಹಲವು ಅಧ್ಯಯನಗಳು ನಡೆದಿವೆ. ತೂಕ ಕಡಿಮೆ ಇರುವ ಕೂಸುಗಳು, ದಿನ ತುಂಬುವ ಮೊದಲೇ ಆಗುವ ಹೆರಿಗೆ, ದಮ್ಮಿನ ಉಲ್ಬಣ, ಇವು ಬಾವಿಯ ಹತ್ತಿರ ಹೆಚ್ಚೆಂದು ಕಂಡುಬಂದಿದೆ. ಅಲ್ಲಿಯ ಕ್ಯಾಲಿಫೋರ್ನಿಯಾ ರಾಜ್ಯ 2022ರಲ್ಲಿ ಒಂದು ಕಾನೂನು ಮಾಡಿತು: ಮನೆ, ಶಾಲೆ, ಆಸ್ಪತ್ರೆಯಿಂದ 3,200 ಅಡಿಯ ಒಳಗೆ ಹೊಸ ಬಾವಿ ಕೂಡದು. ಅಂದರೆ ಹತ್ತಿರ ಹತ್ತಿರ ಒಂದು ಕಿಲೋಮೀಟರ್. ಎಣ್ಣೆ ಕಂಪನಿಗಳು ಜನಮತಕ್ಕೆ ಹಾಕಿಸಿ ಅದನ್ನು ತಡೆದವು, 2024ರಲ್ಲಿ ತಾವೇ ಹಿಂದೆ ಸರಿದವು, ಆಗ ಕಾನೂನು ಜಾರಿಗೆ ಬಂತು.

ಈಗ ನಮ್ಮ ದೇಶದ ಮಾತು. ಅಸ್ಸಾಮಿನ ತಿನ್ಸುಕಿಯಾ ಜಿಲ್ಲೆಯಲ್ಲಿ ಬಾಘಜಾನ್ ಅಂತ ಒಂದು ಹಳ್ಳಿ. ಚಹಾ ಬೆಳೆಯುವವರು, ಮೀನು ಹಿಡಿಯುವವರು. ಪಕ್ಕದಲ್ಲಿ ಮಾಗುರಿ-ಮೊಟಾಪುಂಗ್ ಎಂಬ ಕೆರೆ, ಆಚೆ ದಿಬ್ರು-ಸೈಖೋವಾ ರಾಷ್ಟ್ರೀಯ ಉದ್ಯಾನ. 2020ರ ಮೇ 27ರಂದು ಅಲ್ಲಿಯ ಐದನೆಯ ನಂಬರಿನ ಬಾವಿ ಕೈ ಮೀರಿತು. ದುರಸ್ತಿ ನಡೆದಿದ್ದಾಗ ಅನಿಲ ಬುಗ್ಗೆಯಾಗಿ ಹೊರಗೆ ನುಗ್ಗಿತು. ಹದಿಮೂರು ದಿನ ಹಾಗೆಯೇ ಅನಿಲ, ಅದರೊಡನೆ ತೆಳುವಾದ ಎಣ್ಣೆ ಮಳೆಯಂತೆ ಸುರಿಯಿತು. ಚಹಾದ ಎಲೆಯ ಮೇಲೆ ಎಣ್ಣೆ, ಕೆರೆಯ ನೀರಿನ ಮೇಲೆ ಎಣ್ಣೆ, ಮೀನು ಸತ್ತು ತೇಲಿದವು. ಜೂನ್ 9ಕ್ಕೆ ಬೆಂಕಿ ಹತ್ತಿತು. ಆರಿಸಲು ನಿಂತಿದ್ದ ಅಗ್ನಿಶಾಮಕ ದಳದ ಇಬ್ಬರು ತೀರಿಹೋದರು. ಮನೆಗಳು ಸುಟ್ಟವು. ಸಾವಿರಾರು ಜನ ಊರು ಬಿಟ್ಟು ಶಾಲೆ ಕಟ್ಟಡಗಳಲ್ಲಿ ಶಿಬಿರ ಹೂಡಿದರು. ಅದು ಕೊರೋನಾ ಕಾಲ, ಮಗ್ಗಲಿಗೆ ಮಗ್ಗಲು ಮಲಗಬೇಡಿರೆಂದು ಸರಕಾರ ಸಾರುತ್ತಿದ್ದ ಕಾಲ. ಬಾವಿ ಪೂರಾ ಬಂದ್ ಆದದ್ದು ನವೆಂಬರ್ 15ಕ್ಕೆ. ಐದೂವರೆ ತಿಂಗಳು!

ಇದೇ ಮೊದಲಲ್ಲ. 1995ರ ಜನವರಿ 8ರಂದು ಆಂಧ್ರದ ಕೋನಸೀಮೆಯ ಪಾಸರ್ಲಪೂಡಿಯಲ್ಲಿ ಹತ್ತಿದ ಬೆಂಕಿ 65 ದಿನ ಉರಿಯಿತು. ಅದೇ ಸೀಮೆಯ ನಗರಂ ಗ್ರಾಮದಲ್ಲಿ 2014ರ ಜೂನ್ 27ರ ನಸುಕಿನಲ್ಲಿ ಅನಿಲದ ಕೊಳವೆ ಸೋರಿತು. ಅನಿಲ ಊರ ತುಂಬ ಹಬ್ಬಿ ಕೂತಿದ್ದಾಗ ಯಾರೋ ಚಹಾಕ್ಕೆ ಒಲೆ ಹೊತ್ತಿಸಿದರು ಎನ್ನುತ್ತಾರೆ. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಒಣ ಅನಿಲ ಹರಿಯಬೇಕಾದ ಕೊಳವೆಯಲ್ಲಿ ನೀರಿನಂಶವೂ ಹರಿದು ಉಕ್ಕು ತುಕ್ಕು ಹಿಡಿದಿತ್ತು. ಸೋರುತ್ತಿದೆ ಎಂದು ಮೊದಲೇ ಹೇಳಿದ್ದೆವು ಎಂದು ಊರಿನವರು ಆಮೇಲೆ ಗೋಳಾಡಿದರು. ಹೇಳಿದ್ದಕ್ಕೆ ಕಾಗದ ಎಲ್ಲಿ ಎಂಬ ಪ್ರಶ್ನೆ ಎಲ್ಲ ಕಡೆಯೂ ಬರುತ್ತದೆ ನೋಡ್ರಿ. ಆ ಪ್ರಶ್ನೆಗೆ ಮತ್ತೆ ಬರುತ್ತೇವೆ.

ಎಲ್ಲಕ್ಕೂ ಭೀಕರವಾದದ್ದು ಚೀನಾದ ಚೋಂಗ್‌ಚಿಂಗ್ ಪ್ರದೇಶದಲ್ಲಿ 2003ರ ಡಿಸೆಂಬರ್ 23ರ ರಾತ್ರಿ ನಡೆದದ್ದು. ಅನಿಲ ಬಾವಿಯೊಂದು ಒಡೆಯಿತು. ಬಂದ ಅನಿಲದಲ್ಲಿ ಹೈಡ್ರೋಜನ್ ಸಲ್ಫೈಡ್ ಇತ್ತು. 243 ಜನ ಸತ್ತರು, ಬಹಳಷ್ಟು ಜನ ಸುತ್ತಲಿನ ಹಳ್ಳಿಯ ಒಕ್ಕಲಿಗರು, ಮಲಗಿದ್ದವರು.

ಈ ಹೈಡ್ರೋಜನ್ ಸಲ್ಫೈಡ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕಂದ್ರ ಇದು ದೂರದ ದೇಶದ ಭೂತ ಅಲ್ಲ. ಕೊಳೆತ ತತ್ತಿಯ ವಾಸನೆ ಇದರ ಗುರುತು. ಸ್ವಲ್ಪ ಇದ್ದಾಗ ಮೂಗಿಗೆ ಹೊಡೆಯುತ್ತದೆ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ನೂರು ಪಾಲು ಆಯಿತೆಂದರೆ ಮೂಗೇ ಸತ್ತುಹೋಗುತ್ತದೆ. "ವಾಸನಿ ಹೋತು, ಇನ್ನೇನು ಭಯ ಇಲ್ಲ" ಅಂತ ಮನುಷ್ಯ ತಿಳಿದುಕೊಳ್ಳುತ್ತಾನೆ. ಖರೇ ಅಂದ್ರ ಆಗ ಅದು ಹೆಚ್ಚಾಗಿರುತ್ತದೆ. ಇನ್ನೂ ಹೆಚ್ಚಾದರೆ ಒಂದೆರಡು ಉಸಿರಿನಲ್ಲಿ ಎಚ್ಚರ ತಪ್ಪುತ್ತದೆ. ಗಾಳಿಗಿಂತ ಭಾರವಾದ್ದರಿಂದ ತಗ್ಗಿನಲ್ಲಿ, ಹಳ್ಳದಲ್ಲಿ, ಗುಂಡಿಯಲ್ಲಿ ಕೂಡುತ್ತದೆ. ಮಂಗಳೂರಿನ ತೈಲ ಶುದ್ಧೀಕರಣ ಸ್ಥಾವರದಲ್ಲಿ 2025ರ ಜುಲೈ 12ರಂದು ಇಬ್ಬರು ನೌಕರರು ತೀರಿಕೊಂಡದ್ದು ಇದೇ ಅನಿಲದಿಂದ.

ನಮ್ಮ ಸೀಮೆಯಲ್ಲಿ ಕಬ್ಬಿನ ಕಾಕಂಬಿಯಿಂದ ಸ್ಪಿರಿಟ್ ತೆಗೆದ ಮೇಲೆ ಉಳಿಯುವ ಕರಿ ನೀರನ್ನು ದೊಡ್ಡ ಟಾಕಿಗಳಲ್ಲಿ ಕೊಳೆಸಿ ಗ್ಯಾಸ್ ತೆಗೆಯುತ್ತಾರಲ್ಲ, ಅಲ್ಲಿಯೂ ಇದೇ ಜೋಡಿ ಹುಟ್ಟುತ್ತದೆ: ಮೀಥೇನ್ ಮತ್ತು ಹೈಡ್ರೋಜನ್ ಸಲ್ಫೈಡ್. ಎಣ್ಣೆ ಬಾವಿಯಿಂದ ಬರುವುದೂ ಅವೇ. 2018ರ ಡಿಸೆಂಬರಿನಲ್ಲಿ ಮುಧೋಳ ತಾಲೂಕಿನ ಕುಳಲಿ ಹತ್ತಿರದ ಡಿಸ್ಟಿಲರಿಯೊಂದರ ತ್ಯಾಜ್ಯನೀರಿನ ಘಟಕದಲ್ಲಿ ಸ್ಫೋಟವಾಗಿ ಕನಿಷ್ಠ ನಾಲ್ವರು ಪ್ರಾಣ ಕಳೆದುಕೊಂಡರು. ಆ ಸುದ್ದಿ ನಿಮಗೆಲ್ಲ ಗೊತ್ತು. ಬಾವಿ ಇಲ್ಲದ ಊರಿನಲ್ಲೂ ಬಾವಿಯ ಅನಿಲ ಇದೆ ಎಂದು ನಾವು ಹೇಳುವುದು ಇದಕ್ಕೇ. ಮೂರನೆಯ ಕಾರಣ ಎಂದದ್ದು ಇದು.

ಇಲ್ಲೊಂದು ಮಾತು. ಹಳೆಯ ಬಾವಿಯ ಹೂಳು ತೆಗೆಯಲು ಇಳಿಯುವ ಮೊದಲು ನಮ್ಮ ಹಿರಿಯರು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ಕಂದೀಲು ಆರಿದರೆ ಇಳಿಯಬಾರದು. ಬಹಳ ಶಾಣ್ಯಾತನದ ಪದ್ಧತಿ, ಆಮ್ಲಜನಕ ಇಲ್ಲದ್ದನ್ನು ಅದು ತೋರಿಸುತ್ತದೆ. ಆದರೆ ಕರಿನೀರಿನ ಟಾಕಿಗೆ, ಗೋಬರ್ ಗ್ಯಾಸಿನ ಗುಂಡಿಗೆ, ಶೌಚಗುಂಡಿಗೆ ಈ ಪರೀಕ್ಷೆ ಮಾಡಬ್ಯಾಡ್ರಿ. ಗಾಳಿಯಲ್ಲಿ ನೂರಕ್ಕೆ ಐದರಿಂದ ಹದಿನೈದು ಪಾಲು ಮೀಥೇನ್ ಇದ್ದರೆ ಆ ಕಂದೀಲೇ ಸಿಡಿಮದ್ದಿನ ಬತ್ತಿಯಾಗುತ್ತದೆ. ಹೈಡ್ರೋಜನ್ ಸಲ್ಫೈಡ್ ಕೊಲ್ಲುವಷ್ಟಿದ್ದರೂ ಕಂದೀಲು ಆರುವುದಿಲ್ಲ. ಒಬ್ಬ ಒಳಗೆ ಬಿದ್ದಾನೆಂದು ಅಣ್ಣ ಇಳಿದ, ಅಣ್ಣ ಬಿದ್ದನೆಂದು ಕಾಕಾ ಇಳಿದ, ಹೀಗೆ ಒಂದೇ ಮನೆಯ ಮೂವರು ಹೋದ ಸುದ್ದಿ ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ. ಬಿದ್ದವನನ್ನು ಹಗ್ಗದಿಂದ ಎಳೆಯಬೇಕು. ಇಲ್ಲದಿದ್ದರೆ ಮೂತಿಗೆ ಗಾಳಿಚೀಲದ ಮುಖವಾಡ ಹಾಕಿದವರೇ ಇಳಿಯಬೇಕು. ಒದ್ದೆ ಟಾವೆಲ್ಲು ಏನೂ ಕಾಯುವುದಿಲ್ಲ.

ಹೊರಗೆ ಅನಿಲ ಸೋರಿದರೆ ಒಲೆ ಹಚ್ಚಬಾರದು, ಕರೆಂಟಿನ ಗುಂಡಿ ಒತ್ತಬಾರದು, ಮೋಟರ್ ಸೈಕಲ್ಲಿಗೆ ಕಿಕ್ ಹೊಡೆಯಬಾರದು. ಗಾಳಿ ಯಾವ ಕಡೆಗೆ ಬೀಸುತ್ತದೋ ಆ ಕಡೆಗೆ ಓಡದೆ, ಅಡ್ಡ ದಿಕ್ಕಿಗೆ ನಡೆದು ದಿನ್ನೆ ಏರಬೇಕು. ಹೆಚ್ಚು ಹೇಳಿದರೆ ಮರೆಯುತ್ತೀರಿ, ಇಷ್ಟು ಸಾಕು.

ಈಗ ಜೋಕಟ್ಟೆ. ಮಂಗಳೂರಿನ ತೈಲ ಶುದ್ಧೀಕರಣ ಸ್ಥಾವರದ ಮಗ್ಗುಲಿನ ಊರು ಅದು. ಬಾವಿಯಿಂದ ತೆಗೆದ ಎಣ್ಣೆ ಕಟ್ಟಕಡೆಗೆ ಬಂದು ಶುದ್ಧವಾಗುವ ಜಾಗ ಅಂಥದ್ದು. ಎಣ್ಣೆಯ ಕಸವನ್ನು ಕಾಯಿಸಿ ಕೋಕ್ ಎಂಬ ಕಪ್ಪು ಇದ್ದಲಿ ಮಾಡುವ ಘಟಕವೂ ಗಂಧಕದ ಘಟಕವೂ ಆ ಊರಿನ ಪಕ್ಕದಲ್ಲೇ ಬಂದವು. ಆ ಕಡೆ ಮನೆ ಮನೆಗೂ ತೆರೆದ ಬಾವಿ. ಕಪ್ಪು ಹುಡಿ ಹಂಚಿನ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ, ಬಾವಿಯ ನೀರಿನ ಮೇಲೆ ಕೂರುತ್ತದೆ, ಕಣ್ಣು ಉರಿಯುತ್ತದೆ, ಮಕ್ಕಳಿಗೆ ಉಸಿರಾಟದ ತೊಂದರೆ, ರಾತ್ರಿ ಸದ್ದಿನಿಂದ ನಿದ್ದೆಯಿಲ್ಲ ಎಂದು ಜನ ದೂರಿದರು. ಸಮಿತಿ ಕಟ್ಟಿಕೊಂಡು ವರ್ಷಗಟ್ಟಲೆ ಹೋರಾಡಿದರು. 2016ರಲ್ಲಿ ರಾಜ್ಯ ಸರಕಾರ ಆರು ಅಂಶಗಳ ಆದೇಶ ಹೊರಡಿಸಿತು. ಊರಿಗೂ ಸ್ಥಾವರಕ್ಕೂ ನಡುವೆ 27 ಎಕರೆಯಲ್ಲಿ ಹಸಿರು ವಲಯ ಮಾಡಬೇಕೆಂಬುದು ಅದರಲ್ಲೊಂದು. ಆದೇಶ ಬಂದ ಮೇಲೂ ಜಾರಿಗಾಗಿ ಜನ ಮತ್ತೆ ಮತ್ತೆ ಬೀದಿಗೆ ಇಳಿಯಬೇಕಾಯಿತು. ಸ್ಥಾವರದಿಂದ ದೇಶಕ್ಕೆ ಉಪಯೋಗವಿಲ್ಲ ಎಂದು ನಾವು ಹೇಳುವವರಲ್ಲ. ನಮ್ಮ ಟ್ರ್ಯಾಕ್ಟರಿಗೂ ಡೀಸೆಲ್ ಬೇಕು. ಮೊದಲು ಬಿಡಬೇಕಾದ ಅಂತರವನ್ನು ಆಮೇಲೆ ಕೇಳುವುದು ಎಷ್ಟು ಕಷ್ಟ ಎಂಬುದಕ್ಕೆ ಜೋಕಟ್ಟೆ ಸಾಕ್ಷಿ.

ನಮ್ಮದೇ ಒಂದು ಅನುಭವ ಹೇಳುತ್ತೇವೆ. ಆರೋಗ್ಯ ಇಲಾಖೆಯ ನೌಕರಿಯಲ್ಲಿದ್ದಾಗ ನದಿಯ ದಂಡೆಯ ಒಂದು ಊರಿಗೆ ಹೋಗಿದ್ದೆವು. ಊರಿನ ಹೆಸರು ಬ್ಯಾಡ, ಕಾರ್ಖಾನೆಯ ಹೆಸರೂ ಬ್ಯಾಡ. ಅಲ್ಲಿಯ ಕುಡಿಯುವ ಬಾವಿಯ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಊರಿನ ಹತ್ತು ಹಿರಿಯರನ್ನು ಕರೆದುಕೊಂಡು, ಬಾಟಲಿಯಲ್ಲಿ ನೀರು ತುಂಬಿಕೊಂಡು ಒಂದು ಕಚೇರಿಗೆ ಹೋದೆವು. ಸಾಹೇಬರು ಒಳ್ಳೆಯವರೇ, ಕುರ್ಚಿ ಕೊಟ್ಟರು, ಚಹಾ ತರಿಸಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು: "ಕಾರ್ಖಾನಿ ಬರೂಕಿಂತ ಮೊದಲ ಈ ನೀರು ಹೆಂಗಿತ್ತು? ರಿಪೋರ್ಟ್ ಐತೇನು?" ಒಬ್ಬ ಅಜ್ಜ ಎದ್ದು ನಿಂತು, "ಎಳನೀರಿನ ಗತೆ ಇತ್ರಿ ಸಾಹೇಬ್ರ" ಅಂದರು. ಸಾಹೇಬರು ಬರೆದುಕೊಳ್ಳಲಿಲ್ಲ. ಬರೆದುಕೊಳ್ಳಲು ಅಲ್ಲಿ ಅಂಕಿ ಇರಲಿಲ್ಲ. ಅಜ್ಜನ ನಾಲಿಗೆಯ ರುಚಿಗೆ ಕೋರ್ಟಿನಲ್ಲಿ ಬೆಲೆ ಇಲ್ಲ. ಹೊರಗೆ ಬಂದ ಮೇಲೆ ಅಜ್ಜ ಆ ಬಾಟಲಿಯನ್ನು ಗಟಾರಕ್ಕೆ ಸುರಿದು ಖಾಲಿ ಬಾಟಲಿ ಮನೆಗೆ ಒಯ್ದರು. ನಾವೂ ಸುಮ್ಮನೆ ನಿಂತಿದ್ದೆವು. ಆ ಊರಿನ ಬಾವಿಯ ನೀರನ್ನು ಒಂದು ಸಲವಾದರೂ ಪರೀಕ್ಷೆಗೆ ಕಳಿಸಿ ಕಾಗದ ಇಟ್ಟುಕೊಳ್ಳಬೇಕೆಂದು ಅಷ್ಟು ವರ್ಷ ನಮಗೂ ಹೊಳೆದಿರಲಿಲ್ಲವಲ್ಲ, ತಪ್ಪು ನಮ್ಮದೂ ಇತ್ತು.

ಹೀಗಾಗಿ ಇಂದು ಸಂಘದ ಮುಂದೆ ನಮ್ಮ ಬೇಡಿಕೆ ಇದು. ಯಾರೂ ಬರುವ ಮೊದಲೇ ಊರಿನ ನೀರಿನ, ಊರಿನ ಉಸಿರಿನ ಲೆಕ್ಕ ಬರೆದಿಡೋಣ. ಅದನ್ನು ಸಂಘ ಇಡಲಿ. ಸಂಘವೇ ಯಾಕೆ? ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಮೊದಲ ಸಹಕಾರಿ ಸಂಘ ಕಟ್ಟಿದಂದಿನಿಂದ ಸಂಘದ ಬಲ ಇರುವುದು ಖಾತೆ ಪುಸ್ತಕದಲ್ಲಿ. ಇಪ್ಪತ್ತೈದು ವರ್ಷದ ಹಿಂದೆ ಯಾರು ಎಷ್ಟು ಚೀಲ ಗೊಬ್ಬರ ಒಯ್ದರೆಂದು ನಮ್ಮ ಕಪಾಟಿನಲ್ಲಿ ಇಂದಿಗೂ ಸಿಗುತ್ತದೆ. ಪಂಚಾಯಿತಿ ಐದು ವರ್ಷಕ್ಕೊಮ್ಮೆ ಬದಲಾಗುತ್ತದೆ, ಡಾಕ್ಟರು ಬದಲಿಯಾಗಿ ಹೋಗುತ್ತಾರೆ, ಸಂಘದ ದಫ್ತರ ಇಲ್ಲೇ ಇರುತ್ತದೆ.

ಕೆಲಸ ದೊಡ್ಡದಲ್ಲ. ಊರಿನ ನಾಲ್ಕು ದಿಕ್ಕಿಗೆ ನಾಲ್ಕಾರು ಬಾವಿ, ಬೋರ್ ಆರಿಸಬೇಕು. ವರ್ಷಕ್ಕೆ ಎರಡು ಸಲ ನೀರು ತೆಗೆಯಬೇಕು: ಆಲಮಟ್ಟಿಯ ಹಿನ್ನೀರು ತುಂಬಿ ನಿಂತಾಗ ಒಮ್ಮೆ, ಬೇಸಿಗೆಯಲ್ಲಿ ಅದು ಇಳಿದಾಗ ಒಮ್ಮೆ, ಯಾಕಂದ್ರ ನಮ್ಮ ಬಾವಿಗಳ ನೀರು ಹಿನ್ನೀರಿನೊಡನೆ ಏರಿಳಿಯುತ್ತದೆ. ಪಂಪು ಸ್ವಲ್ಪ ಹೊತ್ತು ಬಿಟ್ಟು, ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು ತುಂಬಿ, ತಾರೀಖು, ಬಾವಿಯ ಗುರುತು, ತೆಗೆದವರ ಸಹಿ ಹಾಕಬೇಕು. ಉಪ್ಪಿನಂಶ, ಕ್ಲೋರೈಡ್, ಫ್ಲೋರೈಡ್, ನೈಟ್ರೇಟ್ ಎಲ್ಲ ಜಿಲ್ಲೆಯ ಪ್ರಯೋಗಾಲಯದಲ್ಲಿ ನೋಡುತ್ತಾರೆ. ಜಲಜೀವನ ಮಿಷನ್ ಯೋಜನೆಯಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗೆ ಪರೀಕ್ಷಾ ಕಿಟ್ಟು ಬಳಸಲು ತರಬೇತಿಯೂ ಇದೆ. ಭಾರತದ ಮಾನದಂಡದ ಪ್ರಕಾರ ಕುಡಿಯುವ ನೀರಿನ ಲೀಟರಿಗೆ ಕ್ಲೋರೈಡ್ 250 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1,000ದ ತನಕ. ಎಣ್ಣೆ ಬಾವಿಯ ಉಪ್ಪುನೀರು ಬೆರೆತರೆ ಮೊದಲು ಜಿಗಿಯುವ ಅಂಕಿ ಇದೇ. ಬೆಂಜೀನ್ ಮಾತ್ರ ಕಿಟ್ಟಿನಲ್ಲಿ ಸಿಗುವುದಿಲ್ಲ, ಅದಕ್ಕೆ ದೊಡ್ಡ ಪ್ರಯೋಗಾಲಯವೇ ಬೇಕು. ನಮ್ಮ ಜಿಲ್ಲೆಯ ನೀರಿನಲ್ಲಿ ಹಲವು ಕಡೆ ಫ್ಲೋರೈಡ್ ಮೊದಲೇ ಹೆಚ್ಚು. ಅದೂ ದಾಖಲಾಗಲಿ. ನಾಳೆ ಯಾರ ಮೇಲಾದರೂ ಸುಳ್ಳು ತಪ್ಪು ಹೊರಿಸುವ ಪಾಪವೂ ನಮಗೆ ಬರಬಾರದು.

ಉಸಿರಿನ ಲೆಕ್ಕ ಇನ್ನೂ ಹಗುರ. ತಾಯಂದಿರೇ, ನಿಮ್ಮ ಟ್ರಂಕಿನಲ್ಲಿ ತಾಯಿ ಕಾರ್ಡು ಅದಾವಲ್ಲ, ಅದರಲ್ಲಿ ಕೂಸಿನ ಹುಟ್ಟಿದ ತೂಕ ಬರೆದಿದೆ. ಎರಡೂವರೆ ಕಿಲೋ ಒಳಗಿನ ಕೂಸು ಅಂದರೆ ಕಡಿಮೆ ತೂಕದ ಕೂಸು. ಒಂದೊಂದು ವರ್ಷಕ್ಕೆ ಊರಿನಲ್ಲಿ ಹುಟ್ಟಿದ ಕೂಸುಗಳೆಷ್ಟು, ಅದರಲ್ಲಿ ಕಡಿಮೆ ತೂಕದವೆಷ್ಟು, ದಮ್ಮು ಇದ್ದವರೆಷ್ಟು, ಗಬ್ಬ ಇಳಿದ ಎಮ್ಮೆ ಆಕಳೆಷ್ಟು, ಇಷ್ಟು ಬರೆದರೆ ಅದೇ ಅಜ್ಜನ ಕೈಯಲ್ಲಿ ಇಲ್ಲದಿದ್ದ ಕಾಗದ. ಮನೆಯವರ ಹೆಸರು ಪುಸ್ತಕದಲ್ಲಿ ಬೇಡ, ಎಣಿಕೆ ಸಾಕು.

ಕಾನೂನಿನಲ್ಲಿ ಒಂದು ಸೂಕ್ಷ್ಮ ಇದೆ, ಮನಸ್ಸಿನಲ್ಲಿಡಿರಿ. 2006ರ ಸೆಪ್ಟೆಂಬರಿನ ಪರಿಸರ ಅಧಿಸೂಚನೆಯ ಪ್ರಕಾರ ದೊಡ್ಡ ಯೋಜನೆಗೆ ಮೊದಲು ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು, ಮೂವತ್ತು ದಿನ ಮೊದಲು ನೋಟೀಸು ಕೊಡಬೇಕು. ಆದರೆ 2020ರ ಜನವರಿಯಲ್ಲಿ ಕೇಂದ್ರ ಸರಕಾರ ಎಣ್ಣೆ, ಅನಿಲ ಹುಡುಕುವ ಕೆಲಸವನ್ನು ಅಹವಾಲು ಬೇಕಿಲ್ಲದ ವರ್ಗಕ್ಕೆ ಇಳಿಸಿತು. ಉತ್ಪಾದನೆಗೆ ಅಹವಾಲು ಇದೆ, ಶೋಧದ ಬಾವಿಗೆ ಇಲ್ಲ. ಅಂದರೆ ಮೊದಲ ಬಾವಿ ಕೊರೆಯುವಾಗ ನಮ್ಮನ್ನು ಯಾರೂ ಕೇಳಬೇಕೆಂದಿಲ್ಲ. ಆಗ ನಮ್ಮ ಬಳಿ ಇರುವುದು ನಮ್ಮ ಪುಸ್ತಕ ಒಂದೇ.

"ಖರ್ಚು ಯಾರು ಮಾಡಬೇಕ್ರಿ?" ಎಂದು ನಿರ್ದೇಶಕರೊಬ್ಬರು ಆಗಲೇ ಕಣ್ಣಿನಲ್ಲೇ ಕೇಳುತ್ತಿದ್ದಾರೆ. ಲಾಭದಲ್ಲಿ ಲಾಭಾಂಶ ಹಂಚುವುದಕ್ಕೆ ಮೊದಲು ಒಂದು ಸಣ್ಣ ಪಾಲು ಇದಕ್ಕೆ ತೆಗೆದಿಡಲು ಬರುವ ವಾರ್ಷಿಕ ಸಭೆಯಲ್ಲಿ ಠರಾವು ಮಾಡಬಹುದು. ಆ ಠರಾವಿಗೆ ಸೂಚಕರು, ಅನುಮೋದಕರು ನಿಮ್ಮಲ್ಲೇ ಎದ್ದು ನಿಲ್ಲಬೇಕು. ಮೊದಲ ವರ್ಷದ ಬಾಟಲಿಗಳ ಖರ್ಚು ನಮ್ಮ ಪಿಂಚಣಿಯಲ್ಲಿ ಇರಲಿ. ಮುಂದಿನ ವಾರ ಆಶಾ ಕಾರ್ಯಕರ್ತೆಯರನ್ನು ಕರೆದುಕೊಂಡು ಓಣಿ ಓಣಿಗೆ ಬರುತ್ತೇವೆ. ತಾಯಿ ಕಾರ್ಡು ಹುಡುಕಿ ಇಟ್ಟಿರ್ರಿ. ಬಾವಿಗೆ ಹಗ್ಗ, ಕೊಡ ನಿಮ್ಮದು.